ದಕ್ಷಿಣ ದಿಕ್ಕಿಗೆ ಬಂದ ಆಮೆಮರಿ

ನಮ್ಮ ಮನೆಗೆ ಆಮೆ ಬಂದದ್ದು ಮಿಠಾಯಿ ಡಬ್ಬಿಯಲ್ಲಿ. ತಂದವರು ಅತ್ತೆಯವರ ತಮ್ಮ, ಎಂದರೆ ನನ್ನ ಗಂಡನ ಸೋದರಮಾವ. ದಿಲ್‌ಸುಖ್‌ನಗರದಿಂದ ತಾರ್ನಾಕದ ನಮ್ಮ ಮನೆಗೆ ಅವರೆಂದೂ ಬರಿಗೈಲಿ ಬಂದವರಲ್ಲ. ಹಾಗಾಗಿ ನಾನು ಡಬ್ಬಿಯನ್ನು ನೇರವಾಗಿ ಅಡುಗೆಮನೆಗೆ ಒಯ್ದು, ತಟ್ಟೆಗೆ ಹಾಕಿ ಎಲ್ಲರಿಗೂ ಕೊಡೋಣವೆಂದು ಮುಚ್ಚಳ ತೆಗೆದೆ. ಒಳಗೆ ಒಂದೇ ಒಂದು ಉಂಡೆ ಇತ್ತು. ಅದು ಕಾಲು ಆಡಿಸಿತು. ನಾನು ಕಿರುಚಿಕೊಂಡ ಸದ್ದಿಗೆ ಕೆಳಗಿನ ಮನೆಯಾಕೆ ಮೇಲೆ ಬಂದು, ಗ್ಯಾಸ್ ಏನಾದರೂ ಸೋರುತ್ತಿದೆಯಾ ಅಂತ ವಿಚಾರಿಸಿ ಹೋದರು.

"ಹೆದರಬ್ಯಾಡವ್ವ, ಕಚ್ಚೂದಿಲ್ಲ ಅದು," ಅಂದರು ಸೋದರಮಾವ. "ಅಕ್ಕಾ, ಬಾ ಇಲ್ಲೆ, ಏನು ತಂದೀನಿ ನೋಡು. ಭಾಳ ಶುಭ."

ಅರ್ಧ ನಿಂಬೆಹಣ್ಣನ್ನು ಬೋರಲು ಹಾಕಿದಷ್ಟು ದೊಡ್ಡದು. ಕಪ್ಪು ಚಿಪ್ಪು, ಅದರ ಮೇಲೆ ನಡುವಿನಿಂದ ಸುತ್ತಲೂ ಹರಡಿದ ಹಳದಿ ಗೆರೆಗಳು. ಹಳೇ ಶಹರದ ಹಕ್ಕಿ ಮಾರುವ ಗಲ್ಲಿಯಲ್ಲಿ ಸಿಕ್ಕಿತಂತೆ. ಅತ್ತೆಯವರು ಕೈ ತೊಳೆದು ಬಂದು, ಡಬ್ಬಿಗೇ ನಮಸ್ಕಾರ ಮಾಡಿದರು. ನಾನು ಬಾಗಿಲಿಗೆ ಒರಗಿ ನಿಂತು, ಈ ಮನೆಯಲ್ಲಿ ಯಾವುದಕ್ಕೆ ಕಿರುಚಬೇಕು, ಯಾವುದಕ್ಕೆ ನಮಸ್ಕಾರ ಮಾಡಬೇಕು ಅನ್ನುವುದು ನನಗೆ ಯಾವಾಗ ತಿಳಿಯುತ್ತದೋ ಅಂದುಕೊಂಡೆ.

ನಾನು ಮೈಸೂರಿನವಳು. ಮದುವೆಯಾಗಿ ಹೈದರಾಬಾದಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅತ್ತೆಯವರ ಕಡೆಯವರು ಮೂಲತಃ ಗುಲ್ಬರ್ಗಾದವರು. ಸರ್ಕಾರಿ ನೌಕರಿಯ ಹಿಂದೆ ಬಂದು ಹೈದರಾಬಾದಿನಲ್ಲೇ ಉಳಿದವರು. ಮನೆಯೊಳಗೆ ಅವರ ಕನ್ನಡ, ತರಕಾರಿಯವನ ಹತ್ತಿರ ತೆಲುಗು, ಆಟೋದವನ ಹತ್ತಿರ ಹಿಂದಿ. ನಾನು ಬಾಯಿ ಬಿಟ್ಟರೆ ಮೂವರಿಗೂ ನಗು. ನನ್ನ ಗಂಡ ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯಲ್ಲಿದ್ದರು. ನಾನು ಅದೇ ದಾರಿ ಹಿಡಿಯೋಣವೆಂದು ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿಗೆ ಹೋಗಿ ಟೆಸ್ಟಿಂಗ್ ಕಲಿಯುತ್ತಿದ್ದೆ. ಆಗ ಎಲ್ಲರೂ ಏನಾದರೊಂದು ಕಲಿಯುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರು ಊರು ಯಾವುದು ಅಂತ ಕೇಳುವ ಮೊದಲು ಯಾವ ಕೋರ್ಸು ಅಂತ ಕೇಳುತ್ತಿದ್ದರು.

ಅಷ್ಟರಲ್ಲಿ ಅಮೆರಿಕದಲ್ಲಿ ಏನೋ ಕುಸಿಯಿತಂತೆ. ಅದರ ಧೂಳು ನಮ್ಮ ಮನೆಯವರೆಗೂ ಬಂತು. ಇವರ ಪ್ರಾಜೆಕ್ಟ್ ನಿಂತುಹೋಗಿ ಇವರನ್ನು ಬೆಂಚಿಗೆ ಹಾಕಿದರು. ಎಂದರೆ ಸಂಬಳ ಬರುತ್ತದೆ, ಕೆಲಸವಿಲ್ಲ, ಯಾವಾಗ ಮನೆಗೆ ಕಳಿಸುತ್ತಾರೋ ಗೊತ್ತಿಲ್ಲ. ಈ ವಿಷಯ ಅತ್ತೆಯವರಿಗೆ ಹೇಳಬಾರದಿತ್ತು, ಯಾರೋ ಹೇಳಿಬಿಟ್ಟರು. "ಇಂಜಿನಿಯರ್ ಆದವನ್ನ ಬೆಂಚಿನ ಮ್ಯಾಲೆ ಕೂಡ್ಸ್ಯಾರಂತ. ಏನು ತಪ್ಪು ಮಾಡ್ಯಾನ ಅವ?" ಅಂತ ಅವರು ನನ್ನನ್ನೇ ಕೇಳಿದರು. ನನಗೂ ಅದು ಅರ್ಥವಾಗಿರಲಿಲ್ಲ. ಇವರು ದಿನಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಏನೂ ಮಾಡದೆ, ಸುಸ್ತಾಗಿ ಬರುತ್ತಿದ್ದರು.

ಆಗ ಪಕ್ಕದ ಬ್ಲಾಕಿನವರ ಮೂಲಕ ಒಬ್ಬ ವಾಸ್ತು ಪಂಡಿತರು ಬಂದರು. ಮನೆಯೆಲ್ಲ ಓಡಾಡಿ, ಉತ್ತರ ಕುಬೇರನ ದಿಕ್ಕು, ಅಲ್ಲಿ ನೀರು ತುಂಬಿದ ಬಟ್ಟಲಲ್ಲಿ ಲೋಹದ ಆಮೆ ಇಡಿ, ಅದು ಅಲ್ಲಿರುವ ತನಕ ಮಗನ ಕುರ್ಚಿ ಅಲುಗಾಡುವುದಿಲ್ಲ ಅಂದರು. ಆ ಕಾಲದಲ್ಲಿ ಸಾಫ್ಟ್‌ವೇರಿನವರ ಮನೆಗಳಲ್ಲೆಲ್ಲ ಆ ಆಮೆ ಇತ್ತು. ಕಂಪ್ಯೂಟರ್ ಇರುತ್ತಿತ್ತೋ ಇಲ್ಲವೋ, ಆಮೆ ಇರುತ್ತಿತ್ತು. ತರುವ ಕೆಲಸ ಸೋದರಮಾವನ ಪಾಲಿಗೆ ಬಂತು. ಅವರು ದಾರಿಯಲ್ಲಿ ಯೋಚನೆ ಮಾಡಿದ್ದಾರೆ. ಯೋಚನೆ ಮಾಡಿದರೆ ಅವರಿಂದ ಯಾವಾಗಲೂ ಹೀಗೇ ಆಗುತ್ತದೆ.

"ಲೋಹದ ಆಮಿಗೆ ಇಷ್ಟು ಶಕ್ತಿ ಐತಿ ಅಂದ್ರ, ಜೀವಂತ ಆಮಿಗೆ ಎಷ್ಟಿರಬಾರ್ದು?" ಅಂದರು. ಅತ್ತೆಯವರಿಗೆ ಅದು ಹೌದೆನ್ನಿಸಿತು. ಆ ಗಳಿಗೆಯಲ್ಲಿ ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ನಮ್ಮ ಮನೆಯ ಉತ್ತರ ಎಂದರೆ ಫ್ರಿಜ್ಜಿಗೂ ಬಚ್ಚಲ ಬಾಗಿಲಿಗೂ ನಡುವಿನ ಕತ್ತಲು ಮೂಲೆ. ಅಲ್ಲಿ ಸ್ಟೂಲು ಹಾಕಿ, ಗಾಜಿನ ಬೋಗುಣಿಯಿಟ್ಟು, ಬಣ್ಣದ ಕಲ್ಲು ಹಾಕಿ, ಮುಕ್ಕಾಲು ನೀರು ತುಂಬಿ, ಆಮೆಮರಿಯನ್ನು ಬಿಟ್ಟೆವು. ಅದು ನಾಲ್ಕೂ ಕಾಲು ಬಡಿದು ನೀರು ಚಿಮ್ಮಿಸಿತು. "ನೋಡು, ಹ್ಯಾಂಗ ಈಜಾಕತ್ತೈತಿ!" ಅಂತ ಅತ್ತೆಯವರು ಚಪ್ಪಾಳೆ ತಟ್ಟಿದರು. ಅದು ಮುಳುಗಿ ಸಾಯದಿರಲಿಕ್ಕೆ ಒದ್ದಾಡುತ್ತಿತ್ತು ಅಂತ ನಮಗೆ ಹೊಳೆಯಲೇ ಇಲ್ಲ. ಆಮೆ ಅಂದರೆ ನೀರು, ಅಷ್ಟೆ. ದೇವಸ್ಥಾನದ ಕಲ್ಯಾಣಿಯಲ್ಲಿ ನೋಡಿದ್ದೆವು, ಕ್ಯಾಲೆಂಡರಿನಲ್ಲಿ ನೋಡಿದ್ದೆವು.

ಕೊನೆಗೆ ಅದು ಕಲ್ಲುಗಳ ಮೇಲೆ ಹೇಗೋ ಕಾಲೂರಿ, ಮೂಗನ್ನಷ್ಟೇ ನೀರಿನ ಮೇಲಿಟ್ಟು ನಿಂತಿತು. ಆಮೇಲೆ ಊಟದ ಪ್ರಶ್ನೆ. ಸೋದರಮಾವ ಮೊಸರನ್ನ ಅಂದರು. ಕೆಳಗಿನ ಮನೆಯಾಕೆ ಟೊಮೆಟೊ ಅಂದರು. ಮೀನಿನ ಅಂಗಡಿಯವನು ಪುಟ್ಟ ಡಬ್ಬಿಯಲ್ಲಿ ಕೆಂಪು ಕಾಳು ಕೊಟ್ಟ. ಎಲ್ಲವನ್ನೂ ಹಾಕಿದೆವು, ಅದು ಯಾವುದನ್ನೂ ಮುಟ್ಟಲಿಲ್ಲ. ನೀರು ಮಾತ್ರ ಮೊಸರಾಗಿ, ಕೆಂಪಾಗಿ, ನಾರತೊಡಗಿತು. ನಾನು ದಿನಾ ಮೂಗು ಮುಚ್ಚಿಕೊಂಡು ಬದಲಾಯಿಸುತ್ತಿದ್ದೆ.

ಅತ್ತೆಯವರದು ಬೇರೆಯೇ ಕಥೆಯಾಗಿತ್ತು. ಬೆಳಿಗ್ಗೆ ಎದ್ದವರೇ ಬೋಗುಣಿಯ ಹತ್ತಿರ ಹೋಗುತ್ತಿದ್ದರು. ಆಮೆ ತಲೆ ಹೊರಗೆ ಹಾಕಿದ್ದರೆ ಮಗನಿಗೆ ನಗುನಗುತ್ತಾ ಡಬ್ಬಿ ಕಟ್ಟುತ್ತಿದ್ದರು. ತಲೆ ಒಳಗಿದ್ದರೆ, "ತಡೀಪಾ, ಸ್ವಲ್ಪ ಕೂತು ನೀರು ಕುಡದು ಹೋಗು," ಅಂತ ಅವರನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತಿದ್ದರು. ಆಮೆಯ ಉಸಿರಿಗೂ ಮಗನ ನೌಕರಿಗೂ ಅವರು ಗಂಟು ಹಾಕಿಬಿಟ್ಟಿದ್ದರು. ಆಮೆ ಸತ್ತರೆ ಮಗನ ಕೆಲಸ ಹೋಗುತ್ತದೆ. ಅವರಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ನನಗೆ ಇದರಲ್ಲಿ ನಂಬಿಕೆಯಿತ್ತೇ? ಇಲ್ಲ ಅನ್ನುತ್ತಿದ್ದೆ. ಆದರೆ ನಾನೂ ಕ್ಲಾಸಿಗೆ ಹೋಗುವ ಮೊದಲು ಬೋಗುಣಿಯಲ್ಲಿ ಇಣುಕಿ ನೋಡುತ್ತಿದ್ದೆ. ಇದಕ್ಕೆ ಏನನ್ನಬೇಕೋ ಈಗಲೂ ತಿಳಿಯದು.

ಆಮೆ ಕಣ್ಣು ಮುಚ್ಚಿತು. ಮುಚ್ಚಿದ್ದು ತೆರೆಯಲಿಲ್ಲ. ರೆಪ್ಪೆಗಳು ಊದಿಕೊಂಡವು.

ನಾನು ಯೂನಿವರ್ಸಿಟಿ ಕಡೆಯ ಒಂದು ನೆಟ್ ಸೆಂಟರಿಗೆ ಹೋಗಿ ಕೂತೆ. ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಒಂದು ಚಹಾ ಕುಡಿದು ಮುಗಿಸಬಹುದಿತ್ತು. ಮೊದಲ ಪುಟದಲ್ಲಿ ಆಳವಾದ ನೀರು ಕೊಡಿ ಅಂತಿತ್ತು, ಎರಡನೆಯದರಲ್ಲಿ ಆಳವಾದ ನೀರು ಕೊಟ್ಟೀರಿ ಜೋಕೆ ಅಂತಿತ್ತು. ಒಬ್ಬರು ಮೀನು ತಿನ್ನಿಸಿ ಅಂದರೆ ಇನ್ನೊಬ್ಬರು ಬರೀ ಸೊಪ್ಪು ಅನ್ನುತ್ತಿದ್ದರು. ಬಿಸಿಲಿಗೆ ದೀಪ, ನೆರಳಿಗೆ ದೀಪ, ಹಗಲಿಗೆ ಒಂದು, ರಾತ್ರಿಗೆ ಇನ್ನೊಂದು. ಚಿತ್ರದಲ್ಲಿದ್ದ ಆಮೆಗಳ ಮನೆಗಳು ನಮ್ಮ ಮನೆಗಿಂತ ಚೆನ್ನಾಗಿದ್ದವು. ಆಮೆಗಳಲ್ಲಿ ನೀರಿನವು, ನೆಲದವು ಅಂತ ಬೇರೆಬೇರೆ ಇರುತ್ತವೆ, ಮೊದಲು ನಿಮ್ಮದು ಯಾವುದೆಂದು ತಿಳಿಯಿರಿ ಅಂತ ಎಲ್ಲೋ ಒಂದು ಕಡೆ ಬರೆದಿತ್ತು. ಅದನ್ನು ತಿಳಿಯುವುದು ಹೇಗೆ ಅಂತ ಬರೆದ ಪುಟ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದನ್ನು ಕಲಿಯುತ್ತಿದ್ದವಳಿಗೆ, ಅಂಗೈ ಮೇಲಿನ ಒಂದು ಪ್ರಾಣಿಯಲ್ಲಿ ಏನು ತಪ್ಪಾಗಿದೆ ಅಂತ ಹೇಳಲಾಗಲಿಲ್ಲ. ತಲೆ ಚಿಟ್ಟು ಹಿಡಿದು ಮನೆಗೆ ಬಂದೆ.

ಬಂದರೆ, ಅತ್ತೆಯವರು ಸೀರೆ ಬದಲಾಯಿಸಿಕೊಂಡು, ಆಮೆಯನ್ನು ಅಂಗವಸ್ತ್ರದಲ್ಲಿ ಸುತ್ತಿಕೊಂಡು ಕೂತಿದ್ದರು. "ಮೂಗಿನ್ಯಾಗ ಗುಳ್ಳಿ ಬರಾಕತ್ತಾವ," ಅಂದರು. "ನಡಿ ಯವ್ವ, ಡಾಕ್ಟರ ಕಡೆ ಹೋಗೋಣು."

ಪಶುವೈದ್ಯೆ ತೆಲುಗಿನವರು, ನನಗಿಂತ ಸ್ವಲ್ಪ ದೊಡ್ಡವರಿರಬೇಕು. ನಮ್ಮ ಹಿಂದೆ ಮುಂದೆ ನಾಯಿಗಳು. ಅತ್ತೆಯವರು ಅಂಗವಸ್ತ್ರ ಬಿಚ್ಚಿದ ಕೂಡಲೇ ಆಕೆ, "ಇದು ಯಾಕೆ ಇಷ್ಟು ಒದ್ದೆಯಾಗಿದೆ?" ಅಂತ ಕೇಳಿದರು. ಅತ್ತೆಯವರು ತಮ್ಮ ಸ್ವಚ್ಛ ತೆಲುಗಿನಲ್ಲಿ ಕುಬೇರ, ಉತ್ತರ, ಬೋಗುಣಿ, ಮಗನ ಬೆಂಚು ಎಲ್ಲವನ್ನೂ ಹೇಳಿದರು. ವೈದ್ಯೆ ನಗಲಿಲ್ಲ, ಬಯ್ಯಲೂ ಇಲ್ಲ. ಆಮೆಯ ಕಾಲನ್ನು ಮೆಲ್ಲಗೆ ಹೊರಗೆಳೆದು ತೋರಿಸಿದರು. ಗಿಡ್ಡಗೆ, ದುಂಡಗೆ, ಆನೆಯ ಕಾಲಿನಂತೆ ಇತ್ತು. ಈಜುವ ಪ್ರಾಣಿಗೆ ಬೆರಳ ನಡುವೆ ಚರ್ಮ ಇರುತ್ತದೆ, ಇದಕ್ಕೆ ಎಲ್ಲಿದೆ ನೋಡಿ ಅಂದರು. ಇದು ನೆಲದ ಆಮೆ. ಒಣನೆಲದ, ಕುರುಚಲು ಕಾಡಿನ ಆಮೆ. ಶ್ವಾಸಕೋಶಕ್ಕೆ ಶೀತ ಇಳಿದಿದೆ.

ಆಮೇಲೆ ಇನ್ನೊಂದು ಮಾತು ಹೇಳಿದರು. ಇದು ನಕ್ಷತ್ರ ಆಮೆ, ಇದನ್ನು ಮಾರುವುದೂ ಕಾನೂನಿಗೆ ವಿರುದ್ಧ, ಮನೆಯಲ್ಲಿ ಇಟ್ಟುಕೊಳ್ಳುವುದೂ ವಿರುದ್ಧ. ನೌಕರಿ ಉಳಿಯಲೆಂದು ತಂದದ್ದು ಪೊಲೀಸರನ್ನು ತರುತ್ತದೆಯೇ? ಆಕೆ ಅಲ್ಲೇ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ಮಾತಾಡಿದರು. ಈಗ ಇದನ್ನು ಓಡಾಡಿಸಿದರೆ ಉಳಿಯುವುದಿಲ್ಲ, ಇಂಜೆಕ್ಷನ್ನಿಗೆ ಇಲ್ಲಿಗೆ ಕರೆತನ್ನಿ, ಚೇತರಿಸಿಕೊಂಡು ತಿನ್ನಲು ಶುರುಮಾಡಿದ ಮೇಲೆ ಅವರೇ ಬಂದು ಒಯ್ಯುತ್ತಾರೆ ಅಂದರು. ಅಲ್ಲಿಯವರೆಗೆ ಅದಕ್ಕೊಂದು ಸರಿಯಾದ ಮನೆ ಮಾಡಿಕೊಡಿ. ನೀರಿಂದ ತೆಗೆಯಿರಿ. ಬೆಚ್ಚಗಿರಲಿ, ಗಾಳಿ ಹೊಡೆಯಬಾರದು, ದಿನಾ ಬೆಳಗಿನ ಬಿಸಿಲು ನೇರವಾಗಿ ಬೀಳಬೇಕು. ಕಿಟಕಿ ಗಾಜಿನ ಮೂಲಕ ಬಂದ ಬಿಸಿಲು ಬೆಳಕಷ್ಟೇ, ಅದರಿಂದ ಚಿಪ್ಪು ಗಟ್ಟಿಯಾಗುವುದಿಲ್ಲ.

ಆಟೋದಲ್ಲಿ ಅತ್ತೆಯವರು ಅಂಗವಸ್ತ್ರವನ್ನು ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಲೇ ಇದ್ದರು. ಯಾಕೆಂದು ನನಗೆ ಗೊತ್ತಿತ್ತು. ನಮ್ಮ ಮನೆಗೆ ಬಿಸಿಲು ಬರುವುದು ಒಂದೇ ಕಡೆಯಿಂದ, ದಕ್ಷಿಣದ ಬಾಲ್ಕನಿಯಿಂದ. ದಕ್ಷಿಣ ಎಂದರೆ ಯಮನ ದಿಕ್ಕು. ಆಮೆಯನ್ನು ಉತ್ತರದಿಂದ ಕದಲಿಸಬೇಡಿ, ಅದರಲ್ಲೂ ದಕ್ಷಿಣಕ್ಕೆ ತಂದೀರಿ ಅಂದರೆ ಉಲ್ಟಾ ಹೊಡೆಯುತ್ತದೆ ಅಂತ ಆ ಪಂಡಿತರು ಬೆರಳೆತ್ತಿ ಹೇಳಿ ಹೋಗಿದ್ದರು. ಉತ್ತರದಲ್ಲಿ ಇಟ್ಟರೆ ಆಮೆ ಸಾಯುತ್ತದೆ, ಮಗನ ಕೆಲಸ ಹೋಗುತ್ತದೆ. ದಕ್ಷಿಣದಲ್ಲಿ ಇಟ್ಟರೆ ಆಮೆ ಬದುಕುತ್ತದೆ, ಮಗನ ಕೆಲಸ ಹೋಗುತ್ತದೆ. ನಾನು ಅವರ ಲೆಕ್ಕವನ್ನು ಅವರ ಪರವಾಗಿ ಮಾಡಿ ನೋಡಿದೆ, ಎಲ್ಲಿಯೂ ತಾಳೆಯಾಗಲಿಲ್ಲ.

ಮಧ್ಯಾಹ್ನವೆಲ್ಲ ಅವರು ಆಮೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು. ನಾನು ಚಹಾ ಕೊಟ್ಟರೆ ಆರಿಹೋಯಿತು. ನಂಬದೆ ಇರುವವಳಿಗೆ ಇದೆಲ್ಲ ಸುಲಭ, ಸುಮ್ಮನೆ ಬಾಲ್ಕನಿಯಲ್ಲಿ ಇಟ್ಟುಬಿಡಿ ಅತ್ತೆ ಅಂದುಬಿಡಬಹುದಿತ್ತು. ಬಾಯಿ ಬರಲಿಲ್ಲ. ನಾಳೆ ಏನಾದರೂ ಆದರೆ ಅಂತ ನನ್ನೊಳಗೂ ಒಂದು ಪುಕ್ಕಲು ದನಿ ಇತ್ತು.

ಸಂಜೆಯ ಹೊತ್ತಿಗೆ ಅತ್ತೆಯವರು ಎದ್ದರು. "ಕೂಸಿಗೆ ಬಿಸಿಲು ಬೇಕು ಅಂದ್ಲಲ್ಲ ಆಕಿ," ಅಂದರು. "ದಿವಾನದ ಡ್ರಾಯರ್ ಖಾಲಿ ಮಾಡು."

ಹಾಲಿನಲ್ಲಿದ್ದ ದಿವಾನದ ಕೆಳಗೆ ಹಾಸಿಗೆ ಬಟ್ಟೆ ಇಡುವ ಮರದ ಡ್ರಾಯರ್ ಇತ್ತು. ಅಗಲವಾದದ್ದು, ಮೋಟು ಗೋಡೆಯದು. ಗಾಜಿನ ಪೆಟ್ಟಿಗೆ ಬೇಡ, ಆಚೆ ಕಾಣುತ್ತದೆಂದು ಆಮೆ ದಿನವಿಡೀ ಗಾಜಿಗೆ ತಲೆ ಗುದ್ದುತ್ತದೆ ಅಂತ ವೈದ್ಯೆ ಹೇಳಿದ್ದರು. ಡ್ರಾಯರನ್ನು ಪೂರ್ತಿ ಹೊರಗೆಳೆದು ಬಾಲ್ಕನಿ ಬಾಗಿಲ ಪಕ್ಕ ಇಟ್ಟೆವು. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ನರ್ಸರಿಯಿಂದ ತಂದ ತೆಂಗಿನ ನಾರಿನ ಪುಡಿಗೆ ಗೊಬ್ಬರವಿಲ್ಲದ ಮಣ್ಣು ಬೆರೆಸಿ, ಆಮೆ ಹುದುಗಿಕೊಳ್ಳುವಷ್ಟು ತುಂಬಿದೆವು. ಒಂದು ಮೂಲೆಗೆ ಆಗಾಗ ನೀರು ಚಿಮುಕಿಸಿ ತೇವ ಇಡಬೇಕು, ಉಳಿದದ್ದು ಒಣಗಿರಬೇಕು. ಒಂದು ತುದಿಯಲ್ಲಿ ಇವರ ಓದುವ ದೀಪ ಬಗ್ಗಿಸಿ ಬಲ್ಬ್ ಹಚ್ಚಿದೆವು; ಇನ್ನೊಂದು ತುದಿ ತಂಪು. ಆಮೆಗೆ ಸೆಕೆಯಾದರೆ ಅದೇ ನಡೆದು ತಂಪಿಗೆ ಹೋಗಬೇಕು, ಚಳಿಯಾದರೆ ದೀಪದ ಕೆಳಗೆ ಬರಬೇಕು. ತುಳಸಿಯ ಹಳೇ ಕುಂಡವೊಂದು ಒಡೆದು ಬಿದ್ದಿತ್ತು, ಅದರ ಅರ್ಧವನ್ನು ಬೋರಲು ಹಾಕಿ ಅಡಗಿಕೊಳ್ಳಲು ಗವಿ ಮಾಡಿದೆವು. ಕುಡಿಯಲು ಕುಂಡದಡಿಯ ಮಣ್ಣಿನ ತಟ್ಟೆ. ಅದರಲ್ಲಿ ಆಮೆಯ ಗಲ್ಲ ಮುಟ್ಟುವಷ್ಟೂ ನೀರಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನನಗೆ ಒಂದಲ್ಲ ಒಂದು ಗೊಂದಲ. ಎಷ್ಟು ಬೆಚ್ಚಗಿದೆ ಅಂತ ತಿಳಿಯಲು ಜ್ವರ ನೋಡುವ ಥರ್ಮಾಮೀಟರನ್ನು ಮಣ್ಣಿನ ಮೇಲೆ ಇಟ್ಟೆ. ಪಾದರಸ ಮಿಸುಕಲಿಲ್ಲ. ದೀಪ ಸಾಲದೆಂದು ಇನ್ನೂ ಕೆಳಗೆ ಬಗ್ಗಿಸಿದೆ, ಆಗಲೂ ಮಿಸುಕಲಿಲ್ಲ. ಆಫೀಸಿನಿಂದ ಬಂದ ಇವರು ನೋಡಿ, ಅಪರೂಪಕ್ಕೆ ನಕ್ಕು, ಅದು ಮನುಷ್ಯರ ಮೈಬಿಸಿಯಿಂದಲೇ ಶುರುವಾಗುವುದು, ನೀನು ಆಮೆಯನ್ನು ಸುಡುತ್ತೀಯ ಅಂದರು. ಮರುದಿನ ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ತಂದೆ. ಅದನ್ನು ಬಿಸಿ ತುದಿಯಲ್ಲಿ ಇಡಬೇಕೋ ತಂಪು ತುದಿಯಲ್ಲೋ ಅಂತ ಮತ್ತೆ ವೈದ್ಯೆಗೆ ಫೋನು. ಎರಡೂ ಕಡೆ ಇಟ್ಟು ನೋಡಿ ಅಂದರು ಆಕೆ, ತುಂಬ ತಾಳ್ಮೆಯಿಂದ.

ಅತ್ತೆಯವರು ಯಾರಿಗೂ ಫೋನು ಮಾಡಲಿಲ್ಲ. ದಿನಾ ಸ್ವಲ್ಪ ಹೊತ್ತು ಬೆಚ್ಚನೆ ನೀರಲ್ಲಿ, ಕಾಲು ಮುಳುಗುವಷ್ಟರಲ್ಲಿ ಕೂರಿಸಿ, ಒರೆಸಿ, ಬಿಸಿಲಿಗೆ ಬಿಡಿ ಅಂದದ್ದನ್ನು ಕೇಳಿದ್ದೇ ಅವರ ಮುಖ ಅರಳಿತ್ತು. "ಇದು ಬಾಣಂತನ ಅಲ್ಲೇನು ಮತ್ತ?" ಅಂದಿದ್ದರು. ಬಳಗದ ಹೆಣ್ಣುಮಕ್ಕಳಿಗೆಲ್ಲ ಬಾಣಂತನ ಮಾಡಿದ ಕೈ ಅದು. ಬೆಚ್ಚನೆ ಕೋಣೆ, ಬಿಸಿನೀರು, ಎಳೆಬಿಸಿಲು, ಗಾಳಿಗೆ ಅಡ್ಡ ಪರದೆ, ಎಲ್ಲ ಗೊತ್ತಿದ್ದದ್ದೇ. ಅವರು ಮೊಣಕೈ ಅದ್ದಿ ನೀರಿನ ಬಿಸಿ ನೋಡುತ್ತಿದ್ದರು. ಕರೆಂಟು ಹೋದರೆ ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನ ಮೂಲೆಗೆ ಒತ್ತರಿಸುತ್ತಿದ್ದರು. ಆದರೆ ಬಾಣಂತನ ಅಲ್ಲಿಗೇ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ನಾನು ಬಂದರೆ, ಆಮೆಯ ಚಿಪ್ಪಿಗೆ ಎಣ್ಣೆ ಹಚ್ಚಿ ಫಳಫಳ ಅನ್ನಿಸಿದ್ದರು, ಪಕ್ಕದಲ್ಲಿ ಲೋಬಾನದ ಹೊಗೆ ಹಾಕಲು ಕೆಂಡ ತಯಾರಾಗಿತ್ತು. ನಾನು ಕೆಂಡವನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದೆ. "ಎದಿಯಾಗ ಶೀತ ಕೂತಾಗ ಹೊಗಿ ಕುಡಿಸಿದ್ರ ಇನ್ನೇನಾಗ್ತೈತಿ ಅತ್ತಿ!" ಅಂದೆ. ಗಾಬರಿಯಲ್ಲಿ ಅವರ ಕನ್ನಡವೇ ನನ್ನ ಬಾಯಿಂದ ಬಂದಿತ್ತು. ಇಬ್ಬರಿಗೂ ನಗು ಬಂತು. ಎಣ್ಣೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆವು.

ಬೆಳಗಿನ ಬಿಸಿಲಿಗೆ ಬಾಲ್ಕನಿಯಲ್ಲಿ ಬಿಟ್ಟಾಗ ಕಾಗೆಗಳ ಕಾಟ. ತಿಂಡಿಗೆ ನೊಣ ಕೂರದಂತೆ ಮುಚ್ಚುವ ಜಾಲರಿ ಮುಚ್ಚಳವನ್ನು ಮೇಲೆ ಕವುಚಿ, ಅದರ ಅರ್ಧಕ್ಕೆ ಟವೆಲ್ ಹಾಕಿ ನೆರಳು ಮಾಡಿ, ಅತ್ತೆಯವರು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ಚಳಿಗಾಲವಾದ್ದರಿಂದ ಬಿಸಿಲು ದಕ್ಷಿಣಕ್ಕೆ ವಾಲಿ ಬಾಲ್ಕನಿ ತುಂಬ ಬರುತ್ತಿತ್ತು. ಯಮನ ದಿಕ್ಕು ಅಂತ ಅವರು ಮತ್ತೆ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹೊರಗೆ ಕಾಲಿಡುವ ಮೊದಲು ದಿನಾ ಒಂದು ಗಳಿಗೆ ನಿಲ್ಲುತ್ತಿದ್ದರು. ತಮ್ಮ ಮಗನನ್ನು ಮಾತ್ರ ಆ ಕಡೆ ಸುಳಿಯಗೊಡುತ್ತಿರಲಿಲ್ಲ. ಒಣಗಿದ ಅಂಗಿ ತರಲು ಇವರು ಬಾಲ್ಕನಿಗೆ ಹೋದರೂ, "ನೀ ಬ್ಯಾಡ, ನಾ ತರ್ತೀನಿ," ಅನ್ನುತ್ತಿದ್ದರು.

ಊಟಕ್ಕೆ ಮೊಸರನ್ನ, ಟೊಮೆಟೊ ಎಲ್ಲ ಬಂದ್. ಗರಿಕೆ, ನುಗ್ಗೆಸೊಪ್ಪು, ದಾಸವಾಳದ ಎಲೆ ಹೂವು. ಮೇಲೆ ಚಿಟಿಕೆಯಷ್ಟು, ಹಕ್ಕಿ ಅಂಗಡಿಯಲ್ಲಿ ಸಿಗುವ, ಕಡಲನೊರೆ ಅನ್ನುವ ಬಿಳಿ ಮೂಳೆಯ ಪುಡಿ. ಚಿಪ್ಪಿಗೆ ಸುಣ್ಣದಂಶ ಬೇಕಂತೆ. ದಿನಾ ಹೆಚ್ಚಿ ಇಡುತ್ತಿದ್ದೆ, ದಿನಾ ಬಾಡಿದ್ದನ್ನು ತೆಗೆಯುತ್ತಿದ್ದೆ. ಇಂಜೆಕ್ಷನ್ನಿಗೆ ಆಟೋದಲ್ಲಿ ಹೋಗಿ ಬರುತ್ತಿದ್ದೆವು. ಕಣ್ಣಿನ ಊತ ಇಳಿಯಿತು, ಮೂಗು ಒಣಗಿತು, ಆದರೂ ತಿನ್ನಲಿಲ್ಲ. ಹಸಿವಾದರೆ ತಿನ್ನಬೇಕು ತಾನೆ? ಹಸಿವಾಗಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಅದು ಕೂಗುವುದಿಲ್ಲ, ಅಳುವುದಿಲ್ಲ. ನನಗೆ ಕೆಲವೊಮ್ಮೆ ಅದರ ಮೇಲೆ ಸಿಟ್ಟೇ ಬರುತ್ತಿತ್ತು.

ಒಂದು ಬೆಳಿಗ್ಗೆ ನಾನು ಒಗ್ಗರಣೆ ಹಾಕುತ್ತಿದ್ದಾಗ ಅತ್ತೆಯವರು ಕಳ್ಳಹೆಜ್ಜೆ ಇಟ್ಟುಕೊಂಡು ಬಂದು, ನನ್ನ ಕಿವಿಗೆ ಬಾಯಿಟ್ಟು, ಉಸಿರಲ್ಲೇ ಹೇಳಿದರು:

"ತಿನ್ನಾಕತ್ತೈತಿ."

ಒಲೆ ಆರಿಸಿ ಹೋಗಿ ನೋಡಿದೆ. ಕೆಂಪು ದಾಸವಾಳದ ಎಸಳನ್ನು ಮುಂಗಾಲಲ್ಲಿ ಅದುಮಿ ಹಿಡಿದು, ಕತ್ತು ಚಾಚಿ, ಹರಿದು ಹರಿದು ತಿನ್ನುತ್ತಿತ್ತು. ಬಾಯಿ ಸುತ್ತ ಕೆಂಪು. ನಾವಿಬ್ಬರೂ ಕೈ ಕೈ ಹಿಡಿದು ನಿಂತಿದ್ದೆವು. ಅಷ್ಟು ಸಂತೋಷ ಅಷ್ಟು ಸಣ್ಣ ಬಾಯಿಂದ ಬರಬಹುದೆಂದು ನನಗೆ ಗೊತ್ತಿರಲಿಲ್ಲ.

ಅದೇ ವಾರ ಇವರ ಕೆಲಸ ಹೋಯಿತು.

ಮಧ್ಯಾಹ್ನವೇ ಮನೆಗೆ ಬಂದರು. ಟೇಬಲ್ಲಿನ ಸಾಮಾನನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದಿದ್ದರು. ಅವ್ವನ ಮುಖ ನೋಡದೆ, "ಬಿಡಿಸಿದ್ರವ್ವ," ಅಂದು ಒಳಕೋಣೆಗೆ ಹೋಗಿ ಪರದೆ ಎಳೆದುಕೊಂಡು ಮಲಗಿದರು. ಅತ್ತೆಯವರು ನನ್ನನ್ನು ನೋಡಿದರು. ಆಮೇಲೆ ಡ್ರಾಯರಿನ ಕಡೆ ನೋಡಿದರು. ಈಗ ಈ ಆಮೆಯ ಗತಿಯೇನು? ಅದಕ್ಕೆ ಈ ಮನೆಯಲ್ಲಿದ್ದ ಒಂದೇ ಕೆಲಸ ಅದು ಮಾಡಿರಲಿಲ್ಲ.

ಸುದ್ದಿ ತಿಳಿದು ಮರುದಿನ ಸೋದರಮಾವ ಬಂದರು, ಬರಿಗೈಲಿ. ಡ್ರಾಯರನ್ನು ಕಂಡವರೇ ಹಣೆ ಬಡಿದುಕೊಂಡರು. "ಅಕ್ಕಾ, ಯಮನ ದಿಕ್ಕಿಗೆ ತಂದು ಇಟ್ಟೀಯಲ್ಲ, ಇನ್ನೇನಾಗ್ತೈತಿ? ಇನ್ನೂ ಟೈಮ್ ಐತಿ, ಮೊದಲಿನಂಗ ಇಡೋಣು," ಅಂದರು. ಅಟ್ಟದ ಮೇಲಿದ್ದ ಗಾಜಿನ ಬೋಗುಣಿ ತೆಗೆದು ನೀರು ತುಂಬಿದರು. ಅವರಿಗೂ ಅಳು ಬರುವಂತಿತ್ತು. ಸೋದರಳಿಯ ಅಂದರೆ ಅವರಿಗೆ ಪ್ರಾಣ. ಆಮೆಯನ್ನು ಎತ್ತಿಕೊಂಡು ಫ್ರಿಜ್ಜಿನ ಕಡೆ ಹೊರಟರು. ನಾನು ಬೇಡ ಬೇಡ ಅನ್ನುತ್ತಾ ಹಿಂದೆ ಹೋದೆ, ನನ್ನ ಮಾತು ಕೇಳುವವರಾರು?

"ಕೆಳಗಿಡು ಅದನ್ನ," ಅಂದರು ಅತ್ತೆಯವರು.

ಸೋದರಮಾವ ನಿಂತರು.

"ನೀರಾಗ ಇಟ್ಟಾಗ ಅದು ಸಾಯಾಕತ್ತಿತ್ತು. ಆವಾಗನೂ ಅವನ ಕೆಲಸ ಹೋಗಾಕನ ಹತ್ತಿತ್ತು," ಅಂದರು. "ಈಗ ಕೆಲಸ ಹೋತು. ಇದು ತಿನ್ನಾಕತ್ತೈತಿ. ಎರಡರಾಗ ಒಂದರ ಉಳೀಲಿ ಬಿಡೋ."

ಸೋದರಮಾವ ಆಮೆಯನ್ನು ಮಣ್ಣಿನ ಮೇಲೆ ಇಳಿಸಿದರು. ಅತ್ತೆಯವರು ಸೆರಗಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಬಿಸಿನೀರು ಆಗ್ಯಾವೇನು ಯವ್ವ? ಇವತ್ತು ಇನ್ನೂ ಅದರ ಸ್ನಾನ ಆಗಿಲ್ಲ."

ಅವರು ಅಂದು ವಾಸ್ತುವನ್ನು ಬಿಟ್ಟರೋ, ಆಮೆಯನ್ನು ಹಿಡಿದರೋ, ಅಥವಾ ಎರಡನ್ನೂ ಬೇರೆಬೇರೆ ಕಪಾಟಿನಲ್ಲಿ ಇಟ್ಟರೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದ್ದರೆ ಅವರಿಗೂ ಗೊತ್ತಿರುತ್ತಿರಲಿಲ್ಲವೇನೋ. ಬೋಗುಣಿಯಲ್ಲಿದ್ದ ನೀರನ್ನು ಅವರೇ ತುಳಸಿಗೆ ಹೊಯ್ದರು.

ಆಮೆ ತಿನ್ನುತ್ತಾ ತಿನ್ನುತ್ತಾ ಭಾರವಾಯಿತು. ಗರಿಕೆ ತರಲು ನಾನು ಬೀದಿಗೆ ಇಳಿಯುವುದೂ, ಅದು ದೀಪದ ಕೆಳಗಿಂದ ಗವಿಗೆ, ಗವಿಯಿಂದ ತಟ್ಟೆಗೆ ಗಸ್ತು ತಿರುಗುವುದೂ ದಿನಚರಿಯಾಯಿತು. ವೈದ್ಯೆ ನೋಡಿ ಸಾಕು ಅಂದರು. ಅರಣ್ಯ ಇಲಾಖೆಯವರು ಆಕೆಯ ಕ್ಲಿನಿಕ್ಕಿಗೇ ಬಂದರು. ಅತ್ತೆಯವರು ಆಮೆಯನ್ನು ಒಪ್ಪಿಸುತ್ತಾ ಅವರಿಗೆ ತೆಲುಗಿನಲ್ಲಿ ಹೇಳಿದ್ದೇ ಹೇಳಿದ್ದು: ಮೊದಲು ಸ್ನಾನ, ಆಮೇಲೆ ಬಿಸಿಲು, ಆಮೇಲೆ ಊಟ, ನುಗ್ಗೆಸೊಪ್ಪಿನ ದಂಟು ಹಾಕಬೇಡಿ, ದಾಸವಾಳ ಕೆಂಪೇ ಆಗಬೇಕು. ಬಂದವರು, "ಆಗಲಿ ಅಮ್ಮಾ, ಅಲ್ಲಿ ಇಂಥವು ಬಹಳ ಇದ್ದಾವೆ," ಅಂದರು. ಬಹಳ ಇದ್ದಾವೆ ಅಂದದ್ದು ಅತ್ತೆಯವರಿಗೆ ಸರಿಬರಲಿಲ್ಲ. ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದರು.

ಮನೆಯಲ್ಲಿ ಇವರು ಹಾಗೇ ಇದ್ದರು. ಉತ್ತರಕ್ಕಿದ್ದ ಒಳಕೋಣೆಯಲ್ಲಿ, ಪರದೆ ಎಳೆದು, ಗೋಡೆಗೆ ಮುಖ ಮಾಡಿ. ಕೆಲಸ ಹೋದಂದಿನಿಂದ ಗಡ್ಡ ತೆಗೆದಿರಲಿಲ್ಲ. ತಟ್ಟೆ ಇಟ್ಟರೆ ಎರಡು ತುತ್ತು ಕೆದಕಿ ಬಿಡುತ್ತಿದ್ದರು. ನಾನು ಸಮಾಧಾನ ಹೇಳಿದ್ದೆ, ಜಗಳವಾಡಿದ್ದೆ, ಅತ್ತಿದ್ದೆ. ಇದಕ್ಕೂ ಯಾವುದಾದರೂ ಪುಟ ಇರುತ್ತದೇನೋ ಅಂತ ನೆಟ್ ಸೆಂಟರಿನ ಮುಂದೆ ಹೋಗಿ ನಿಂತು ವಾಪಸು ಬಂದದ್ದೂ ಉಂಟು.

ಆಮೆಯನ್ನು ಕೊಟ್ಟು ಬಂದ ಮಾರನೆಯ ಬೆಳಿಗ್ಗೆ, ಅತ್ತೆಯವರು ಎಂದಿನ ಹೊತ್ತಿಗೇ ಎದ್ದು ನೀರು ಕಾಯಿಸಿದರು. ಮೊಣಕೈ ಅದ್ದಿ ನೋಡಿದರು. ನಾನು ಪಾಪ, ಅಭ್ಯಾಸಬಲ ಅಂದುಕೊಂಡೆ. ಅವರು ಒಳಕೋಣೆಗೆ ಹೋಗಿ ಪರದೆ ಸರಿಸಿದರು. "ಏಳಪ್ಪಾ. ನೀರು ಬಿಟ್ಟೀನಿ," ಅಂದರು. ಅಷ್ಟಕ್ಕೇ ಹೋಗಲಿಲ್ಲ, ಬಾಗಿಲಲ್ಲೇ ನಿಂತಿದ್ದರು. ಎಷ್ಟೋ ಹೊತ್ತಾದ ಮೇಲೆ ಇವರು ಎದ್ದು ಬಚ್ಚಲಿಗೆ ಹೋದ ಸದ್ದಾಯಿತು.

ಅಷ್ಟರಲ್ಲಿ ಅತ್ತೆಯವರು ಹಾಲಿನ ಕುರ್ಚಿಯನ್ನು ಎಳೆದು ದಕ್ಷಿಣದ ಬಾಲ್ಕನಿಯಲ್ಲಿ ಹಾಕಿದ್ದರು. ಅಂದು ಹೊಸ್ತಿಲಲ್ಲಿ ಅವರು ನಿಲ್ಲಲಿಲ್ಲ. ತಲೆ ಒರೆಸಿಕೊಳ್ಳುತ್ತಾ ಬಂದ ಮಗನ ತೋಳು ಹಿಡಿದು ಕರೆದೊಯ್ದು ಬಿಸಿಲಿನ ನಟ್ಟನಡುವೆ ಕೂರಿಸಿದರು. ಕೈಗೆ ತಟ್ಟೆ ಕೊಟ್ಟರು. ಜೋಳದ ರೊಟ್ಟಿ, ಪಲ್ಯ. ಆಮೇಲೆ ತಮ್ಮ ಮಣೆಯನ್ನು ಎಂದಿನ ಜಾಗದಲ್ಲಿ ಹಾಕಿಕೊಂಡು, ಮಗನ ಕಡೆ ನೋಡದೆ, ಕಾಗೆಗಳ ಕಡೆ ನೋಡುತ್ತಾ ಕೂತರು.

ನಾನು ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟೆ. ಹಾಲು ಉಕ್ಕುವುದನ್ನು ಕಾಯುತ್ತಿದ್ದಾಗ ಹಿಂದೆ ಕಳ್ಳಹೆಜ್ಜೆ ಕೇಳಿಸಿತು. ಅತ್ತೆಯವರು ನನ್ನ ಭುಜ ಹಿಡಿದು, ಕಿವಿಗೆ ಬಾಯಿಟ್ಟು, ಉಸಿರಲ್ಲೇ ಹೇಳಿದರು:

"ತಿನ್ನಾಕತ್ಯಾನ."